ಮಾರುತಿ ವ್ಯಾನಿಗೆ ದೊಡ್ಡ ಗಾಲಿ: ಟೈರ್ ಸೈಜ್ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಕುಂದಗೋಳ ರೋಡಿನಲ್ಲಿ ಒಂದು ಎಡ ತಿರುವು. ಹಿಂದೆ ತುಂಬ ಪಾವ್, ಬನ್ನು, ಟೋಸ್ಟಿನ ಟ್ರೇಗಳು. ಸ್ಟೀರಿಂಗ್ ಪೂರ್ತಿ ತಿರುಗಿಸಿದ್ದೇ ತಡ, ಸೀಟಿನ ಕೆಳಗಿಂದ ಗರ್‌ರ್ ಅಂತ ಸದ್ದು. ಓಮ್ನಿ ಓಡಿಸಿದವರಿಗೆ ಗೊತ್ತು, ಮುಂದಿನ ಗಾಲಿ ಇರುವುದೇ ನಮ್ಮ ಕುಂಡಿ ಕೆಳಗೆ. ಇಳಿದು ನೋಡಿದರೆ ಹೊಸ ಟೈರಿನ ಭುಜ ಸವೆದು ರಬ್ಬರ್ ಪುಡಿ ಉದುರಿತ್ತು. ಹಾಕಿಸಿ ಇನ್ನೂ ನಾಲ್ಕು ದಿನ ಆಗಿರಲಿಲ್ಲ.

ಆಗಿದ್ದು ಇಷ್ಟೇ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ 13 ಇಂಚಿನ ಸೆಕೆಂಡ್ ಹ್ಯಾಂಡ್ ಅಲಾಯ್ (ಮಿಶ್ರಲೋಹದ ರಿಮ್) ಕಂಡವು, ಅದರ ಜೊತೆ 175/70 ಆರ್13 ಟೈರ್ ಇದ್ದವು. "ಕೂರ್ತಾವ ಸರ್, ಏನೂ ಆಗೂದಿಲ್ಲ" ಅಂದ ಮಾತು ನಂಬಿ ಹಾಕಿಸಿಬಿಟ್ಟೆ. ಕೂತಿದ್ದು ಖರೆ, ತಿರುಗಲಿಲ್ಲ ಅಷ್ಟೇ. ಆ ರೊಕ್ಕ ಹೋದ ಮೇಲೆ ನಾನು ಟೇಪು, ಕ್ಯಾಲ್ಕುಲೇಟರ್ ಹಿಡಿದು ಕೂತೆ. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಲೆಕ್ಕ ಓಮ್ನಿಯದು, ಆದರೆ ಯಾವ ವ್ಯಾನಿಗೂ ದಾರಿ ಇದೇ.

ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ರಿಮ್ ದೊಡ್ಡದು ಮಾಡುವುದು ಬೇರೆ, ಗಾಲಿ ದೊಡ್ಡದು ಮಾಡುವುದು ಬೇರೆ. ನಮಗೆ ಬೇಕಾದ್ದು ಮೊದಲನೆಯದು ಮಾತ್ರ. ರಿಮ್ ಒಂದು ಇಂಚು ಬೆಳೆದರೆ ರಬ್ಬರಿನ ಗೋಡೆ ಅಷ್ಟು ತಗ್ಗಬೇಕು, ಒಟ್ಟು ಎತ್ತರ ಮೊದಲಿದ್ದಷ್ಟೇ ಇರಬೇಕು. ಇದು ಸುಲಭದ ಅರ್ಧ. ಕಷ್ಟದ ಅರ್ಧ ಅಂದರೆ ಭಾರ, ಅದಕ್ಕೆ ಆಮೇಲೆ ಬರೋಣ.

ಹಂತ 1: ಹಳೆ ಟೈರ್ ಓದಿ

ಟೈರಿನ ಪಕ್ಕದಲ್ಲಿ 165/65 ಆರ್13 77ಟಿ ಅಂತ ಇದೆ ಅಂದುಕೊಳ್ಳಿ. 165 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಪಕ್ಕದ ಗೋಡೆಯ ಎತ್ತರ, ಆದರೆ ಅದು ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ 65. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಆರ್ ಅಂದರೆ ರೇಡಿಯಲ್, 13 ಅಂದರೆ ರಿಮ್ಮಿನ ಇಂಚು. 77 ಅಂದರೆ ಭಾರದ ನಂಬರು, ಟಿ ಅಂದರೆ ವೇಗದ ಅಕ್ಷರ, ಗಂಟೆಗೆ 190 ಕಿ.ಮೀ.ವರೆಗೆ. ಓಮ್ನಿಗೆ 190 ಯಾಕೆ ಅಂತ ನಗಬೇಡಿ, ಅಕ್ಷರ ಹೆಚ್ಚಿದ್ದರೆ ತೊಂದರೆ ಏನಿಲ್ಲ.

ಆದರೆ ನನ್ನ 2014ರ ಓಮ್ನಿಯ ಟೈರಿನ ಮೇಲೆ ಇದ್ದದ್ದು 145 ಆರ್12 ಎಲ್‌ಟಿ 6ಪಿಆರ್ ಅಂತ. ಮಧ್ಯದ ಶೇಕಡಾ ನಂಬರೇ ಇಲ್ಲ! ಹೀಗೆ ಬಿಟ್ಟಿದ್ದರೆ ಅದು ಹಳೇ ಪದ್ಧತಿಯ ಪೂರ್ತಿ ಎತ್ತರದ ಟೈರು, ಲೆಕ್ಕಕ್ಕೆ 82 ಅಂತ ಹಿಡಿಯಿರಿ. ಎಲ್‌ಟಿ ಅಂದರೆ ಲೈಟ್ ಟ್ರಕ್, ಅಂದರೆ ಸಾಮಾನು ಹೊರುವ ಗಾಡಿಯ ಟೈರ್. 6ಪಿಆರ್ ಅಂದರೆ ಪ್ಲೈ ರೇಟಿಂಗ್, ಗೋಡೆ ಎಷ್ಟು ಗಟ್ಟಿ ಅನ್ನುವುದರ ಅಳತೆ. ಈ ಎಲ್‌ಟಿ ಅನ್ನೋ ಎರಡು ಅಕ್ಷರ ಮರೆಯಬೇಡಿ.

ಟೈರ್ ಒಂದನ್ನೇ ನಂಬಬೇಡಿ. ಹಿಂದಿನ ಮಾಲೀಕ ಏನೋ ಹಾಕಿಸಿರಬಹುದು. ಬಾಗಿಲ ಚೌಕಟ್ಟಿನ ಸ್ಟಿಕರ್ ಅಥವಾ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಕಂಪನಿ ಹೇಳಿದ ಸೈಜ್ ಇರುತ್ತದೆ, ಅದೇ ಮೂಲ.

ಹಂತ 2: ಎತ್ತರದ ಲೆಕ್ಕ

ಸೂತ್ರ ಒಂದೇ ಸಾಲಿನದು. ಅಗಲ ಗುಣಿಸು ಶೇಕಡಾ, ಬಂದದ್ದನ್ನು ಎರಡರಿಂದ ಗುಣಿಸಿ (ಮೇಲೊಂದು ಗೋಡೆ, ಕೆಳಗೊಂದು ಗೋಡೆ), ಅದಕ್ಕೆ ರಿಮ್ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿ.

ನನ್ನ ಹಳೇದು: 145ರ ಶೇಕಡಾ 82 ಅಂದರೆ 118.9. ಎರಡು ಪಟ್ಟು 237.8. 12 ಇಂಚು ಅಂದರೆ 304.8. ಒಟ್ಟು 542.6 ಮಿ.ಮೀ. ಇದೇ ನಮ್ಮ ಗುರಿ.

ಈಗ 13 ಇಂಚಿನವನ್ನು ಒಂದೊಂದಾಗಿ ನೋಡಿ. ರಿಮ್ ಪಾಲು 330.2.

155/65 ಆರ್13: 531.7 ಮಿ.ಮೀ., ಶೇ. 2 ಕಮ್ಮಿ.
175/60 ಆರ್13: 540.2, ಶೇ. 0.4 ಕಮ್ಮಿ.
165/65 ಆರ್13: 544.7, ಶೇ. 0.4 ಜಾಸ್ತಿ.
155/70 ಆರ್13: 547.2, ಶೇ. 0.8 ಜಾಸ್ತಿ.
175/70 ಆರ್13: 575.2, ಶೇ. 6 ಜಾಸ್ತಿ. ನನ್ನ ರೊಕ್ಕ ತಿಂದದ್ದು ಇದೇ.
155/80 ಆರ್13: 578.2, ಶೇ. 6.6 ಜಾಸ್ತಿ.

ಎತ್ತರ ಹಳೇದಕ್ಕಿಂತ ಶೇ. 2ರ ಒಳಗೆ ಆಚೀಚೆ ಇದ್ದರೆ ನೆಮ್ಮದಿ. ಶೇ. 3 ದಾಟಿದರೆ ಬೇಡ. ಸುಮ್ನೆ ಜಿಗುಟುತನ ಅಲ್ಲ, ಕಾರಣ ಇದೆ. ಗಾಲಿ ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಜಾಸ್ತಿ ದೂರ ಹೋಗುತ್ತದೆ, ಸ್ಪೀಡೋಮೀಟರಿಗೆ ಅದು ತಿಳಿಯುವುದಿಲ್ಲ. ಶೇ. 6 ದೊಡ್ಡ ಗಾಲಿ ಹಾಕಿ 60 ತೋರಿಸುತ್ತಿದೆ ಅಂದರೆ ನೀವು ನಿಜವಾಗಿ 63–64ರಲ್ಲಿ ಇದ್ದೀರಿ. ಕಿಲೋಮೀಟರ್ ಕೂಡ ಕಮ್ಮಿ ಬೀಳುತ್ತದೆ. 100 ಓಡಿದರೆ 94 ತೋರಿಸುತ್ತದೆ. ದೊಡ್ಡ ಗಾಲಿ ಹಾಕಿಸಿದ ಮೇಲೆ ಮೈಲೇಜ್ ಬಿತ್ತು ಅಂತ ಗೋಳಾಡುವವರಲ್ಲಿ ಎಷ್ಟೋ ಜನರ ಗೋಳಿನ ಅರ್ಧ ಭಾಗ ಇದೇ ಲೆಕ್ಕದ ತಪ್ಪು.

ಇನ್ನೊಂದು, ಓಮ್ನಿಯ ಇಂಜಿನ್ 796 ಸಿಸಿ, ಮೂರು ಸಿಲಿಂಡರ್. ಗಾಲಿ ದೊಡ್ಡದಾದರೆ ಎಲ್ಲ ಗೇರೂ ಸ್ವಲ್ಪ ಭಾರವಾದಂತೆ. ಖಾಲಿ ಗಾಡಿಯಲ್ಲಿ ತಿಳಿಯುವುದಿಲ್ಲ. ಐದು ಜನ ಕೂತು ನೃಪತುಂಗ ಬೆಟ್ಟ ಹತ್ತಿಸಿ ನೋಡಿ, ಕ್ಲಚ್ ವಾಸನೆ ಬಂದಾಗ ತಿಳಿಯುತ್ತದೆ.

14 ಇಂಚು ಹಾಕಲೇಬೇಕು ಅನ್ನುವವರಿಗೆ: ಎತ್ತರ ಹೊಂದಬೇಕಾದರೆ 165/55 ಆರ್14 ಬೇಕು, 537.1 ಬರುತ್ತದೆ. ಲೆಕ್ಕಕ್ಕೆ ಸರಿ. ಆದರೆ ಹಳೇ ಟೈರಿನ ಗೋಡೆ 119 ಮಿ.ಮೀ. ಇತ್ತು, ಇದರದು 91. ನಮ್ಮ ಊರಿನ ಗುಂಡಿಗಳಲ್ಲಿ ಆ 28 ಮಿ.ಮೀ. ರಬ್ಬರೇ ರಿಮ್ಮನ್ನು ಕಾಯುತ್ತಿದ್ದದ್ದು. ಕಾರುಗಳಿಗೆ ಬರುವ 165/65 ಆರ್14 ಅಂತೂ 570 ಆಗುತ್ತದೆ, ಶೇ. 5 ಜಾಸ್ತಿ. ನನ್ನನ್ನು ಕೇಳಿದರೆ ಓಮ್ನಿಗೆ 13 ಸಾಕು. 14 ಬರೀ ಫೋಟೋಕ್ಕೆ.

ಹಂತ 3: ಭಾರ. ಇಲ್ಲಿ ಅವಸರ ಮಾಡಬೇಡಿ

ಎತ್ತರ ಹೊಂದಿದರೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಕಾರಿಗಾದರೆ ಹೆಚ್ಚುಕಮ್ಮಿ ಹೌದು. ವ್ಯಾನಿಗೆ ಅಲ್ಲ. ವ್ಯಾನು ಸಾಮಾನು ಹೊರುತ್ತದೆ, ಅದಕ್ಕೇ ಕಂಪನಿ ಎಲ್‌ಟಿ ಟೈರ್ ಕೊಟ್ಟಿದ್ದು. ನಾವು ಹಾಕಲು ಹೊರಟ 13 ಇಂಚಿನವೆಲ್ಲ ಕಾರಿನ ಟೈರು. ಅಗಲ ಜಾಸ್ತಿ, ನೋಡಲು ದಷ್ಟಪುಷ್ಟ, ಆದರೆ ಹೊರುವ ತಾಕತ್ತು ಹಳೇ ಸಣ್ಣ ಟೈರಿಗಿಂತ ಕಮ್ಮಿ ಇರಬಹುದು. ನಂಬಿಕೆ ಬರುವುದಿಲ್ಲ ಅಲ್ವಾ? ನಂಬರು ನೋಡಿ.

ಭಾರದ ನಂಬರಿನ ಅರ್ಥ ಹೀಗೆ: 73 ಅಂದರೆ ಒಂದು ಟೈರ್ 365 ಕೆಜಿ ಹೊರಬಹುದು. 75 ಅಂದರೆ 387. 77 ಅಂದರೆ 412. 79 ಅಂದರೆ 437. 80 ಅಂದರೆ 450. ನನ್ನ ಹಳೇ 145 ಎಲ್‌ಟಿ ಟೈರಿನ ಮೇಲೆ 80/78 ಅಂತಿತ್ತು. ಓರೆಗೆರೆಯ ಹಿಂದಿನದು ಒಂಟಿ ಗಾಲಿಗೆ, ಮುಂದಿನದು ಲಾರಿಯಂತೆ ಜೋಡಿ ಗಾಲಿ ಹಾಕಿದಾಗ. ನಮಗೆ ಬೇಕಾದ್ದು 80, ಅಂದರೆ 450 ಕೆಜಿ. ಈಗ 13 ಇಂಚಿನ ಕಾರ್ ಟೈರ್‌ಗಳಲ್ಲಿ ಸಾಮಾನ್ಯವಾಗಿ ಬರುವುದು ನೋಡಿ: 155/65ಕ್ಕೆ 73, 155/70ಕ್ಕೆ 75, 165/65 ಮತ್ತು 175/60ಕ್ಕೆ 77. ಒಂದೂ 80 ಮುಟ್ಟುವುದಿಲ್ಲ.

ಹಾಗಾದರೆ ನಿಮ್ಮ ಗಾಡಿಗೆ ಎಷ್ಟು ಬೇಕು? ಇದಕ್ಕೆ ಊಹೆ ಬೇಡ, ಲಾರಿ ಕಾಟಾಕ್ಕೆ ಹೋಗಿ. ದಿನಾ ತುಂಬುವಷ್ಟು ಅಲ್ಲ, ವರ್ಷದಲ್ಲಿ ಅತಿ ಜಾಸ್ತಿ ತುಂಬುವ ದಿನದ ಲೋಡ್ ಹಾಕಿಕೊಂಡು ಹೋಗಿ. ಪೆಟ್ರೋಲೂ ತುಂಬಿರಲಿ, ಜೊತೆಗೆ ಬರುವ ಹುಡುಗನೂ ಕೂತಿರಲಿ. ಮೊದಲು ಪೂರ್ತಿ ಗಾಡಿ ತೂಗಿಸಿ. ಆಮೇಲೆ ಮುಂದಿನ ಗಾಲಿ ಕಾಟಾ ದಾಟಿ ಆಚೆ ಇಳಿಯುವಂತೆ ಮುಂದೆ ತಂದು, ಹಿಂದಿನ ಎರಡು ಗಾಲಿ ಮಾತ್ರ ಮೇಲಿರುವ ಹಾಗೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ. ಕಾಟಾದವನು "ಇದೇನ್ರೀ ಅರ್ಧಾ ಗಾಡಿ ತೂಗಸ್ತೀರಿ" ಅಂತ ಕೇಳುತ್ತಾನೆ, ಕೇಳಲಿ. ಕಾಟಾ ಮತ್ತು ಆಚೆಯ ನೆಲ ಒಂದೇ ಮಟ್ಟದಲ್ಲಿ ಇರಬೇಕು, ಇಳಿಜಾರಿದ್ದರೆ ಲೆಕ್ಕ ತಪ್ಪುತ್ತದೆ.

ಗಣೇಶ ಹಬ್ಬದ ಹಿಂದಿನ ದಿನದ ಲೋಡಿನಲ್ಲಿ ನನ್ನ ಹಿಂದಿನ ಆಕ್ಸಲ್ 690 ಕೆಜಿ ಬಂತು. ಒಂದು ಟೈರಿಗೆ 345. ಆದರೆ ಭಾರ ಎಂದೂ ಎಡಕ್ಕೆ ಬಲಕ್ಕೆ ಸರಿಯಾಗಿ ಹಂಚಿರುವುದಿಲ್ಲ, ಗುಂಡಿಗೆ ಬಿದ್ದಾಗಿನ ಹೊಡೆತ ಬೇರೆ. ಅದಕ್ಕೆ ನಾನು ಶೇ. 15ರಿಂದ 20ರಷ್ಟು ಕೈಯಲ್ಲಿ ಇಟ್ಟುಕೊಳ್ಳುತ್ತೇನೆ. 155/65ರ 365 ನನಗೆ ಸಾಲದು, ಬರೀ 20 ಕೆಜಿ ಮಿಗುತ್ತದೆ. 155/70ರ 387ಕ್ಕೆ ಶೇ. 12 ಮಿಗುತ್ತದೆ. 165/65ರ 412ಕ್ಕೆ ಶೇ. 19. ನಾನು ಹಾಕಿಸಿದ್ದು ಇದನ್ನೇ. ಎತ್ತರವೂ ಹತ್ತಿರ, ಭಾರಕ್ಕೂ ಆಯಿತು. ಟಾಟಾ ಇಂಡಿಕಾಕ್ಕೆ ಬರುತ್ತಿದ್ದ ಸೈಜ್ ಆದ್ದರಿಂದ ಅಂಗಡಿಯವರಿಗೂ ಗುರುತು ಇದೆ.

ನನ್ನದು ಪಾವ್ ಬನ್ನು, ಜಾಗ ತಿನ್ನುತ್ತದೆ, ತೂಕ ಇಲ್ಲ. ಬ್ಯಾಡಗಿಯಲ್ಲಿ ನನ್ನ ಚಿಕ್ಕಪ್ಪನ ಮಗ ಇದೇ ಓಮ್ನಿಯಲ್ಲಿ ಹಂಗಾಮು ಬಂದರೆ ಬೀಜ, ಗೊಬ್ಬರದ ಚೀಲ ಹಾಕುತ್ತಾನೆ. ಗೊಬ್ಬರದ ಚೀಲ ಒಂದಕ್ಕೆ 45–50 ಕೆಜಿ. ನನ್ನ ಅಲಾಯ್ ನೋಡಿ ಅವನಿಗೂ ಆಸೆ ಆಯಿತು. ಅವನ ಆಕ್ಸಲ್ ತೂಗಿಸಿದೆವು, ಒಂದು ಟೈರಿಗೆ 410 ಬಂತು. "ನೀ 12 ಇಂಚಿನ ಎಲ್‌ಟಿ ಬಿಟ್ಟು ಅಲ್ಲಾಡಬ್ಯಾಡ" ಅಂದೆ. ಮೂರು ದಿನ ಮಾತಾಡಿಸಲಿಲ್ಲ. ನೀವೂ ಗೊಬ್ಬರ, ಸಿಮೆಂಟು, ಟೈಲ್ಸು ಹೊರುವವರಾದರೆ ನಿಮಗೂ ಇದೇ ಮಾತು, ಇಲ್ಲಿಗೇ ಓದುವುದು ನಿಲ್ಲಿಸಬಹುದು.

ಹಂತ 4: ರಿಮ್ ಕೂರುತ್ತದೆಯೇ?

ಪಿಸಿಡಿ ಅಂದರೆ ನಟ್ಟಿನ ತೂತುಗಳ ವೃತ್ತದ ಅಳತೆ. ನಾಲ್ಕು ತೂತಿನ ರಿಮ್ಮಿನಲ್ಲಿ ಎದುರುಬದುರು ಇರುವ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆಯಿರಿ. ಮಧ್ಯ ಗುರುತಿಸಲು ಕಷ್ಟ ಅಂದರೆ ಒಂದರ ಎಡ ಅಂಚಿನಿಂದ ಎದುರಿನದರ ಎಡ ಅಂಚಿಗೆ ಅಳೆದರೂ ಅದೇ ಬರುತ್ತದೆ. ಓಮ್ನಿಯದು 114.3 ಮಿ.ಮೀ. ಸ್ವಿಫ್ಟ್, ಐ10 ಇವುಗಳದು 100. ಅದಕ್ಕೇ ಸ್ವಿಫ್ಟಿನ ಚೆಂದದ ಅಲಾಯ್ ಅಗ್ಗಕ್ಕೆ ಸಿಕ್ಕರೂ ನಮಗೆ ಬರುವುದಿಲ್ಲ. ತೂತು ಅಗಲ ಮಾಡಿಕೊಡುತ್ತೇವೆ, ಹೊಸ ತೂತು ಹೊಡೆದುಕೊಡುತ್ತೇವೆ ಅನ್ನುವವರಿದ್ದಾರೆ. ಕೈಮುಗಿದು ಬಂದುಬಿಡಿ.

ರಿಮ್ಮಿನ ನಡುವಿನ ದೊಡ್ಡ ತೂತು ಹಬ್ (ಗಾಡಿಯಲ್ಲಿ ರಿಮ್ ಕೂರುವ ನಡುಭಾಗ) ಮೇಲೆ ಬಿಗಿಯಾಗಿ ಕೂರಬೇಕು. ಸಡಿಲ ಇದ್ದರೆ ಹಬ್ ರಿಂಗ್ ಸಿಗುತ್ತದೆ, ಇಲ್ಲದಿದ್ದರೆ 70 ದಾಟಿದ ಮೇಲೆ ಸ್ಟೀರಿಂಗ್ ನಡುಗುತ್ತದೆ, ನೀವು ಬ್ಯಾಲೆನ್ಸಿಂಗ್ ಮೇಲೆ ಬ್ಯಾಲೆನ್ಸಿಂಗ್ ಮಾಡಿಸುತ್ತ ಕೂರುತ್ತೀರಿ. ನಟ್ಟೂ ಅಷ್ಟೇ. ಅಲಾಯ್ ಕೂರುವ ಜಾಗದ ಆಕಾರಕ್ಕೆ ತಕ್ಕ ನಟ್ ಬೇಕು, ಸುಜುಕಿಯ ದಾರ 12 ಮಿ.ಮೀ., 1.25ರ ಪಿಚ್ (ದಾರದ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವಿನ ಅಂತರ). 1.5 ಪಿಚ್ಚಿನ ನಟ್ ಮೊದಲ ಎರಡು ಸುತ್ತು ಹೋದಂತೆ ಮಾಡಿ ದಾರ ಕೆಡಿಸುತ್ತದೆ.

ರಿಮ್ಮಿನ ಅಗಲ ಜೆ ಅಂತ ಬರೆದಿರುತ್ತದೆ. 165/65ಕ್ಕೆ 5ಜೆ, ಅಂದರೆ 5 ಇಂಚು ಅಗಲದ್ದು, ಸರಿಯಾದ ಜೋಡಿ.

ಈಗ ಇಟಿ, ಅಂದರೆ ಆಫ್‌ಸೆಟ್. ಗಾಲಿ ಎಷ್ಟು ಒಳಗೆ, ಎಷ್ಟು ಹೊರಗೆ ನಿಲ್ಲುತ್ತದೆ ಅನ್ನುವುದು ಇದರಿಂದ. ರಿಮ್ಮಿನ ಹಿಂಭಾಗದಲ್ಲಿ ಇಟಿ35, ಇಟಿ40 ಅಂತ ಅಚ್ಚು ಇರುತ್ತದೆ. ನಂಬರು ಕಮ್ಮಿ ಆದಷ್ಟೂ ಗಾಲಿ ಹೊರಗೆ ಬರುತ್ತದೆ. ಉದಾಹರಣೆಗೆ ಹಳೇದು 145 ಟೈರು ಇಟಿ40, ಹೊಸದು 165 ಟೈರು ಇಟಿ35 ಅಂದುಕೊಳ್ಳಿ. ಟೈರ್ 20 ಮಿ.ಮೀ. ಅಗಲವಾಯಿತು, ಒಳಗೆ 10, ಹೊರಗೆ 10. ಇಟಿ 5 ಕಮ್ಮಿ ಆದ್ದರಿಂದ ಇಡೀ ಗಾಲಿ 5 ಮಿ.ಮೀ. ಹೊರಗೆ ಸರಿಯಿತು. ಅಂದರೆ ಒಳಗಡೆ 5 ಮಿ.ಮೀ. ಜಾಗ ಹೋಯಿತು, ಹೊರಗಡೆ 15. ಇಷ್ಟು ಲೆಕ್ಕ ಹಾಕಿ ನಿಮ್ಮ ಗಾಡಿಯಲ್ಲಿ ಅಷ್ಟು ಜಾಗ ಇದೆಯಾ ಅಂತ ಕೈಯಿಟ್ಟು ನೋಡಿ. ಹಳೇ ಕಬ್ಬಿಣದ ಡಿಸ್ಕಿನ (ಅಂದರೆ ರಿಮ್ಮಿನ) ಮೇಲೆ ಅಚ್ಚು ತುಕ್ಕಿನಲ್ಲಿ ಕಾಣದಿದ್ದರೆ ಡಿಸ್ಕನ್ನು ಬೋರಲು ಹಾಕಿ ಹಿಂದಿನ ಅಂಚಿನ ಮೇಲೆ ನೆಟ್ಟಗಿನ ಪಟ್ಟಿ ಇಟ್ಟು, ಅಲ್ಲಿಂದ ಹಬ್ಬಿಗೆ ತಾಗುವ ಮುಖದವರೆಗೆ ಅಳೆಯಿರಿ. ಹೊಸದನ್ನೂ ಹಾಗೇ ಅಳೆದರೆ ಒಳಗಿನ ಅಂಚು ಎಷ್ಟು ಸರಿಯುತ್ತದೆ ಅಂತ ನೇರವಾಗಿ ಸಿಗುತ್ತದೆ.

ರಿಮ್ಮಿಗೂ ಭಾರದ ಮಿತಿ ಇರುತ್ತದೆ, ಹಿಂದೆ ಅಚ್ಚು ಹಾಕಿರುತ್ತಾರೆ. ಟೈರ್ 412 ಹೊತ್ತು ರಿಮ್ 350 ಮಾತ್ರ ಹೊತ್ತರೆ ಏನು ಬಂತು?

ಹಂತ 5: ಕಣಕದ ಪರೀಕ್ಷೆ

ಇದು ನನ್ನ ಸ್ವಂತ ಉಪಾಯ, ಮನೆಯಲ್ಲಿ ಬೈಸಿಕೊಂಡರೂ ಬಿಡಲಿಲ್ಲ. ಅಂಗಡಿಯವರನ್ನು ಒಪ್ಪಿಸಿ ಒಂದು ಮುಂದಿನ, ಒಂದು ಹಿಂದಿನ ಗಾಲಿ ಮಾತ್ರ ಹಾಕಿಸಿ ನೋಡಿ. ಚಪಾತಿ ಕಣಕದ ನಿಂಬೆ ಗಾತ್ರದ ಉಂಡೆಗಳನ್ನು ಟೈರ್ ಎಲ್ಲೆಲ್ಲಿ ತಾಗಬಹುದು ಅನ್ನಿಸುತ್ತದೋ ಅಲ್ಲೆಲ್ಲ ಅಂಟಿಸಿ: ಮಡ್‌ಗಾರ್ಡಿನ ಒಳಮೈ, ಮುಂದಿನ ಶಾಕ್ ಅಬ್ಸಾರ್ಬರ್ ಪಕ್ಕ, ಹಿಂದೆ ಲೀಫ್ ಸ್ಪ್ರಿಂಗಿನ ಪಕ್ಕ. ಹಿಂದೆ ನಾಲ್ಕು ಜನ ಕೂರಿಸಿ, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಖಾಲಿ ಜಾಗದಲ್ಲೇ ನಿಧಾನಕ್ಕೆ ಸ್ಪೀಡ್ ಬ್ರೇಕರ್ ಹತ್ತಿಸಿ ಇಳಿಸಿ. ಇಳಿದು ಉಂಡೆ ನೋಡಿ. ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮ್ಮ ಜಾಗ. ಪಕ್ಕದಲ್ಲಿ ಒಂದು ಬೆರಳಿನ ದಪ್ಪ, ಮೇಲೆ ಎರಡು ಬೆರಳಾದರೂ ಉಳಿಯಬೇಕು.

ಯಾಕೆ ಅಷ್ಟು ಅಂದರೆ, ನಮ್ಮದು ಎರಿ ಸೀಮೆ. ಅಣ್ಣಿಗೇರಿ, ನವಲಗುಂದ, ಗದಗ ಕಡೆ ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದವರಿಗೆ ಹೇಳುವುದೇ ಬೇಡ. ಎರಿ ಮಣ್ಣು ಟೈರಿಗೆ ಸುತ್ತಿಕೊಳ್ಳುತ್ತ ಸುತ್ತಿಕೊಳ್ಳುತ್ತ ಮಡ್‌ಗಾರ್ಡಿನ ತುಂಬ ಗಾರೆ ತುಂಬಿದಂತೆ ಆಗುತ್ತದೆ. ಬೇಸಿಗೆಯಲ್ಲಿ ಡಾಂಬರಿನ ಮೇಲೆ ಸರಿ ಇದ್ದ ಟೈರು ಜುಲೈಯಲ್ಲಿ ತಿರುಗದೆ ನಿಲ್ಲುತ್ತದೆ. ಅಗಲ ಜಾಸ್ತಿ ಆದಷ್ಟೂ ಎತ್ತಿಕೊಳ್ಳುವ ಮಣ್ಣೂ ಜಾಸ್ತಿ. 175/60 ಎತ್ತರಕ್ಕೆ ಹೊಂದಿದರೂ ನಾನು ಬಿಟ್ಟದ್ದಕ್ಕೆ ಒಂದು ಕಾರಣ ಇದು. ಇನ್ನೊಂದು, ಓಮ್ನಿಗೆ ಪವರ್ ಸ್ಟೀರಿಂಗ್ ಇಲ್ಲ. ದುರ್ಗದ ಬೈಲಿನ ಸಂದಿಯಲ್ಲಿ ಗಾಡಿ ತಿರುಗಿಸಿ ನೋಡಿದರೆ ಪ್ರತಿ ಮಿಲಿಮೀಟರಿನ ಲೆಕ್ಕ ತೋಳಿಗೆ ಸಿಗುತ್ತದೆ.

ಹಂತ 6: ಕೊಳ್ಳುವಾಗ, ಮತ್ತು ಕಾಗದಪತ್ರ

ಟೈರಿನ ವಯಸ್ಸು ನೋಡಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ: 2324 ಅಂದರೆ 2024ರ 23ನೇ ವಾರ. ಗಿರಾಕಿ ಕಮ್ಮಿ ಇರುವ ಸೈಜುಗಳು ಅಂಗಡಿಯಲ್ಲೇ ಮುದುಕಾಗಿರುತ್ತವೆ, ಅಂಥವು ಬೇಡ. ಐಎಸ್ಐ ಗುರುತು ಇರಲಿ. ಸೆಕೆಂಡ್ ಹ್ಯಾಂಡ್ ರಿಮ್ ಕೊಂಡರೂ ಟೈರ್ ಹೊಸದೇ ಕೊಳ್ಳಿ. ರಿಮ್ಮನ್ನು ಬ್ಯಾಲೆನ್ಸಿಂಗ್ ಮಷೀನಿಗೆ ಹಾಕಿ ತಿರುಗಿಸಿ ತೋರಿಸಿ ಅನ್ನಿ. ಬೆಂಡ್ ಇದ್ದರೆ ಅಂಚು ಹಾವಿನಂತೆ ಆಡುತ್ತದೆ, ಬೆಸುಗೆ ಗುರುತು ಕಂಡರೆ ವಾಪಸ್.

ಕಾನೂನಿನ ಮಾತು ಚುಟುಕಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದಕ್ಕೆ ಕೈ ಹಾಕುವ ಮುಂಚೆ ನಿಮ್ಮ ಆರ್‌ಟಿಒದಲ್ಲಿ ಕೇಳಿ, ಕೆಎ-25 ಇರಲಿ, 63 ಇರಲಿ, 26, 27 ಇರಲಿ. ಇನ್ಶೂರೆನ್ಸಿನವರಿಗೂ ಬರೆದು ತಿಳಿಸಿ, ಉತ್ತರ ಬರಹದಲ್ಲೇ ಪಡೆಯಿರಿ. ಹಳದಿ ಬೋರ್ಡಿನವರು ಎಫ್‌ಸಿ (ಗಾಡಿಯ ಫಿಟ್‌ನೆಸ್ ಪರೀಕ್ಷೆ) ದಿನ ಏನಾಗುತ್ತದೆ ಅಂತ ಮೊದಲೇ ಯೋಚಿಸಿ. ಟೈರ್ ಮಡ್‌ಗಾರ್ಡಿನಿಂದ ಹೊರಗೆ ಚಾಚಿದ್ದರಂತೂ ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಹಂತ 7: ಹಾಕಿಸಿದ ಮೇಲೆ

ನಟ್ ಅಡ್ಡಡ್ಡ ಬಿಗಿಸಬೇಕು, ಸುತ್ತು ಹಿಡಿದು ಅಲ್ಲ. 50–100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿಸಿ. ಅಲಾಯ್ ಹೊಸದರಲ್ಲಿ ಸ್ವಲ್ಪ ಕೂರುತ್ತದೆ, ನಟ್ ಸಡಿಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸಿ.

ಗಾಳಿ ವಿಷಯದಲ್ಲಿ ಹಳೇ ಅಭ್ಯಾಸ ಬಿಡಿ. ಎಲ್‌ಟಿ ಟೈರಿಗೆ ಹಾಕುತ್ತಿದ್ದ ಒತ್ತಡವನ್ನು ಕಣ್ಣು ಮುಚ್ಚಿ ಕಾರ್ ಟೈರಿಗೆ ಹಾಕಬೇಡಿ, ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಮಿತಿ ದಾಟಬಾರದು. ಹಾಗಂತ ಮೆತ್ತಗೆ ಹೋಗಲಿ ಅಂತ 26, 28 ಹಾಕಿದರೆ 412 ಕೆಜಿ ಅನ್ನುವ ಮಾತೇ ಸುಳ್ಳಾಗುತ್ತದೆ. ಸಾಮಾನ್ಯ ಕಾರ್ ಟೈರಿನ ಪೂರ್ತಿ ಭಾರದ ಲೆಕ್ಕ ಸುಮಾರು 36 ಪಿಎಸ್ಐ ಗಾಳಿಗೆ ಕೊಟ್ಟಿರುವುದು. ಲೋಡ್ ದಿನ ನಾನು ಹಿಂದೆ 36 ಇಡುತ್ತೇನೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗ. ಮಧ್ಯಾಹ್ನದ ಬಿಸಿಲಲ್ಲಿ ಗದಗದಿಂದ ಬಂದು ನಿಲ್ಲಿಸಿದ ಕೂಡಲೇ ನೋಡಿದರೆ ಜಾಸ್ತಿ ತೋರಿಸುತ್ತದೆ, ಆಗ ಗಾಳಿ ಬಿಡಬೇಡಿ.

ಸ್ಪೀಡೋಮೀಟರ್ ನಿಜ ಹೇಳುತ್ತಿದೆಯಾ ಅಂತ ಬೈಪಾಸಿನಲ್ಲಿ ಫೋನಿನ ಜಿಪಿಎಸ್ ಜೊತೆ ಹೋಲಿಸಿ. ಫೋನು ಪಕ್ಕದವರ ಕೈಯಲ್ಲಿರಲಿ.

ಸ್ಟೆಪ್ನಿ ಮರೆಯಬೇಡಿ. ಐದನೆಯದೂ 13 ಇಂಚಿನದೇ ಇದ್ದರೆ ಒಳ್ಳೆಯದು, ಅದು ಸ್ಟೆಪ್ನಿ ಜಾಗದಲ್ಲಿ ಕೂರುತ್ತದೆಯಾ ಅಂತ ಅಂಗಡಿಯಲ್ಲೇ ನೋಡಿ. ಹಳೇ 12 ಇಂಚಿನದನ್ನೇ ಇಟ್ಟುಕೊಂಡರೆ ಹಳೇ ನಟ್ ನಾಲ್ಕೂ ಜೊತೆಗಿರಲಿ, ಅಲಾಯ್ ನಟ್ ಕಬ್ಬಿಣದ ಡಿಸ್ಕಿಗೆ ಸರಿಯಾಗಿ ಕೂರುತ್ತದೆ ಅನ್ನುವ ಖಾತ್ರಿ ಇಲ್ಲ. ಪಂಕ್ಚರ್ ಅಂಗಡಿವರೆಗೆ ನಿಧಾನಕ್ಕೆ ಹೋಗಿ, ಅಷ್ಟಕ್ಕೆ ಮಾತ್ರ ಅದು.

ಉಳಿದ ಹಳೇ ಡಿಸ್ಕುಗಳನ್ನು ಗುಜರಿಗೆ ಹಾಕಬೇಡಿ. ಗಾಡಿ ಮಾರುವಾಗಲೋ ಎಫ್‌ಸಿಗೋ ಬೇಕಾಗುತ್ತವೆ. ನನ್ನವು ಅಟ್ಟದ ಮೇಲಿವೆ, ತಿಂಗಳಿಗೊಮ್ಮೆ ಯಾಕೆ ಇಟ್ಟೀರಿ ಅಂತ ಮನೆಯಲ್ಲಿ ಕೇಳುತ್ತಾರೆ, ನಾನು ತಿಂಗಳಿಗೊಮ್ಮೆ ಅದೇ ಉತ್ತರ ಹೇಳುತ್ತೇನೆ.